ಹಿಮ್ಮಡಿಯ ಸ್ನಾಯುರಜ್ಜು, ಹೋಟೆಲಿನ ದುಡಿಮೆ ಮತ್ತು ಓಟ: ಮುಂಬಯಿಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ವ್ಯಕ್ತಿ ಕರಾವಳಿಯಿಂದ ಚಿಕ್ಕ ವಯಸ್ಸಿನಲ್ಲಿಯೇ ಮುಂಬಯಿಗೆ ಬಂದು, ಈಗ ಮಧ್ಯ ಮುಂಬಯಿಯ ಹೋಟೆಲೊಂದರಲ್ಲಿ ಮೇಲ್ವಿಚಾರಕರಾಗಿರುವ, ನಲವತ್ತರ ನಡುಹರೆಯದ ಕನ್ನಡಿಗರು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಸದಾನಂದ ಎಂದು ಕರೆಯೋಣ. ಬೆಳಗಿನ ಜಾವಕ್ಕೆ ಕೆಲಸಕ್ಕೆ ಇಳಿದರೆ ಮಧ್ಯಾಹ್ನದ ಸಣ್ಣ ಬಿಡುವನ್ನು ಬಿಟ್ಟು ರಾತ್ರಿಯವರೆಗೂ ಅವರು ನಿಂತೇ ಇರುತ್ತಾರೆ. ಅಡುಗೆಮನೆಯ ಒದ್ದೆ ನೆಲದಲ್ಲಿ ಕಾಲಿಗೆ ತೆಳ್ಳನೆಯ ರಬ್ಬರ್ ಚಪ್ಪಲಿ. ಇದರ ನಡುವೆಯೂ ಐದಾರು ವರ್ಷಗಳಿಂದ ಅವರು ಓಟದ ಹವ್ಯಾಸ ಬೆಳೆಸಿಕೊಂಡಿದ್ದರು. ವಾರದ ನಡುವೆ ಎರಡು ದಿನ ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತಲೂ ಭಾನುವಾರ ಮರೀನ್ ಡ್ರೈವ್ ಕಡೆಗೂ ಓಡುತ್ತಿದ್ದ ಅವರು ಜನವರಿಯ ಮುಂಬಯಿ ಮ್ಯಾರಥಾನಿನ ಅರ್ಧ ಓಟವನ್ನು ಹಿಂದೆ ಪೂರೈಸಿದ್ದರು.

ಅವರು ನಮ್ಮ ಭೌತಚಿಕಿತ್ಸಾ ಕೇಂದ್ರಕ್ಕೆ ಬಂದದ್ದು ಬೇಸಗೆಯಲ್ಲಿ. ಬಲಗಾಲಿನ ಹಿಮ್ಮಡಿಯ ಹಿಂಬದಿಯ ನೋವಿಗೆ ಆ ಹೊತ್ತಿಗೆ ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳು ಕಷ್ಟ. ಸ್ವಲ್ಪ ಓಡಾಡಿದರೆ ನೋವು ಮರೆಯಾಗುತ್ತದೆ. ಓಡಿ ಬಂದ ಸಂಜೆ ಮತ್ತೆ ಹಿಡಿದುಕೊಳ್ಳುತ್ತದೆ. ನೋವು ಜಾಸ್ತಿಯಾದಾಗಲೆಲ್ಲ ಅವರು ಓಟವನ್ನು ಪೂರ್ತಿ ನಿಲ್ಲಿಸಿ, ನೋವು ಹೋದ ಮೇಲೆ ಮೊದಲಿನಷ್ಟೇ ದೂರ ಓಡಲು ಹೊರಡುತ್ತಿದ್ದರು. ಪ್ರತಿ ಸಲವೂ ನೋವು ಮರುಕಳಿಸಿತು. ಅದು ಶುರುವಾಗುವ ದೂರ ಮಾತ್ರ ಸಲಸಲಕ್ಕೂ ಕಿರಿದಾಗುತ್ತ ಬಂತು. ಮೊದಲು ಎಂಟು ಕಿಲೋಮೀಟರಿನ ಬಳಿಕ ಬರುತ್ತಿದ್ದದ್ದು ಕಡೆಕಡೆಗೆ ರೈಲ್ವೆ ನಿಲ್ದಾಣದ ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತುವಷ್ಟರಲ್ಲೇ ಬರುತ್ತಿತ್ತು. ವಿಶ್ರಾಂತಿಯಲ್ಲಿ ನೋವು ಇಳಿಯುವುದು ನಿಜ, ಆದರೆ ಭಾರ ತಾಳುವ ಶಕ್ತಿಯೂ ಅದರೊಡನೆಯೇ ಇಳಿಯುತ್ತದೆ. ಹಾಗಾಗಿ ಹಳೆಯ ಓಟಕ್ಕೆ ನೇರವಾಗಿ ಮರಳಿದವರ ರಜ್ಜು, ಅಂದರೆ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು, ಹಿಂದಿಗಿಂತ ಬೇಗ ಸೋಲುತ್ತದೆ.

ಎಣ್ಣೆ ಹಚ್ಚಿ ತಿಕ್ಕುವುದು, ಉಪ್ಪು ಹಾಕಿದ ಬಿಸಿನೀರು, ನೋವಿನ ಮಾತ್ರೆ ಎಲ್ಲವೂ ಆಗಿದ್ದವು. ಮೂಳೆತಜ್ಞರೊಬ್ಬರು ಎಕ್ಸ್‌ರೇ ನೋಡಿ, ಹಿಮ್ಮಡಿ ಮೂಳೆಯ ಮೇಲ್ತುದಿಯಲ್ಲಿ ಉಬ್ಬು ಇದೆ, ಬೇಕಾದರೆ ಕೆತ್ತಿ ತೆಗೆಯಬಹುದು ಎಂದಿದ್ದರು. ಓಟದ ಬಳಗದ ಗೆಳೆಯರೊಬ್ಬರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು: ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಅಂಚಿನಿಂದ ಕೆಳಕ್ಕೆ ಇಳಿಸುವುದು, ದಿನಕ್ಕೆ ಎರಡು ಹೊತ್ತು. ಸದಾನಂದರು ಅದನ್ನು ಶ್ರದ್ಧೆಯಿಂದ ಮಾಡಿದ್ದರು. ನೋವು ಹೆಚ್ಚಾಗಿತ್ತು.

ಪರೀಕ್ಷೆಯಲ್ಲಿ ಕಂಡದ್ದು

ಬೆರಳಿನಿಂದ ಒತ್ತಿ ನೋಡಿದಾಗ ನೋವಿದ್ದದ್ದು ರಜ್ಜುವಿನ ನಡುಭಾಗದಲ್ಲಿ ಅಲ್ಲ, ಅದು ಹಿಮ್ಮಡಿ ಮೂಳೆಗೆ ಅಂಟಿಕೊಳ್ಳುವ ತುದಿಯಲ್ಲಿ. ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಲು ಹೇಳಿದರೆ ಎಡಗಾಲಿನಲ್ಲಿ ಇಪ್ಪತ್ತು ದಾಟಿತು. ಬಲಗಾಲಿನಲ್ಲಿ ಎಂಟಕ್ಕೇ ನಿಂತಿತು. ಮೀನಖಂಡವನ್ನು ಹಿಂಡಿದಾಗ ಪಾದ ಸರಿಯಾಗಿ ಕೆಳಕ್ಕೆ ಬಾಗಿತು, ಅಂದರೆ ರಜ್ಜು ಹರಿದಿರಲಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ತುದಿಭಾಗ ದಪ್ಪಗಾಗಿರುವುದೂ ಚೂರು ಸುಣ್ಣದಂಶ ಕಟ್ಟಿರುವುದೂ ರಜ್ಜು ಮತ್ತು ಮೂಳೆಯ ನಡುವೆ ಉಜ್ಜಾಟ ತಡೆಯುವ ಬರ್ಸಾ ಎಂಬ ಪುಟ್ಟ ಚೀಲದಲ್ಲಿ ಸ್ವಲ್ಪ ನೀರಿರುವುದೂ ಕಂಡವು.

ಹಿಮ್ಮಡಿಯ ತುದಿಯ ನೋವೆಲ್ಲ ಓಟದಿಂದಲೇ ಬಂದದ್ದೆಂದು ತಿಳಿಯಬಾರದು. ಬೆನ್ನುಮೂಳೆಯ ಕೀಲುಗಳನ್ನು ಹಿಡಿಯುವ ಉರಿಯೂತದ ಸಂಧಿವಾತ ಕೂಡ ಇದೇ ಜಾಗದಲ್ಲಿ ತಲೆ ಎತ್ತಬಲ್ಲದು. ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ ಉಳಿಯುತ್ತದೆಯೇ, ರಾತ್ರಿ ಬೆನ್ನುನೋವಿನಿಂದ ಎಚ್ಚರವಾಗುತ್ತದೆಯೇ, ಚರ್ಮದಲ್ಲಿ ಸೋರಿಯಾಸಿಸ್ ಇದೆಯೇ, ಕಣ್ಣು ಕೆಂಪಾಗಿ ನೋಯುವುದುಂಟೆ ಎಂದೆಲ್ಲ ಕೇಳಿದೆ, ಯಾವುದೂ ಇರಲಿಲ್ಲ. ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸರಿಯಾಗಿತ್ತು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಮಾತ್ರ ಶೇ. 6.1 ಇತ್ತು, ಎಂದರೆ ಮಧುಮೇಹದ ಹೊಸ್ತಿಲು. ಸಕ್ಕರೆ ಕಾಯಿಲೆಗೂ ರಜ್ಜುಗಳ ದುರ್ಬಲತೆಗೂ ನಂಟಿರುವುದರಿಂದ ಅವರನ್ನು ಮನೆವೈದ್ಯರ ಬಳಿಗೂ ಕಳುಹಿಸಿದೆ.

ಸಮಸ್ಯೆಯ ತಿರುಳು

ಗೆಳೆಯರು ಹೇಳಿಕೊಟ್ಟ ವ್ಯಾಯಾಮ ತಪ್ಪಾದದ್ದಲ್ಲ, ಅದು ಬೇರೆಯ ನೋವಿಗೆ ಹೇಳಿದ್ದು. ಸ್ವೀಡನ್ನಿನ ಉಮಿಯೋ ನಗರದ ಹೋಕನ್ ಆಲ್ಫ್ರೆಡ್‌ಸನ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಕ್ರಮ ಅದು: ಹದಿನೈದರ ಮೂರು ಸುತ್ತು, ದಿನಕ್ಕೆ ಎರಡು ಬಾರಿ, ಹನ್ನೆರಡು ವಾರ. ಆಲ್ಫ್ರೆಡ್‌ಸನ್ ತಮ್ಮದೇ ನೋಯುವ ರಜ್ಜುವಿಗೆ ಶಸ್ತ್ರಚಿಕಿತ್ಸೆ ಕೇಳಿದಾಗ ಅದು ಸಿಗದೆ ಹೋಗಿ, ಹರಿದಾದರೂ ಹೋಗಲಿ ಎಂದು ಭಾರ ಹೇರುತ್ತ ಹೋದರೆ ಗುಣವೇ ಆಯಿತು ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಹೇಳುವ ಕಥೆ. ರಜ್ಜುವಿನ ನಡುಭಾಗದ ನೋವಿಗೆ ಈ ಕ್ರಮ ಚೆನ್ನಾಗಿಯೇ ಒದಗುತ್ತದೆ. ಆದರೆ ಅದೇ ಊರಿನ ಸಂಶೋಧಕರು 2003ರಲ್ಲಿ ಎರಡೂ ಬಗೆಯ ರೋಗಿಗಳಿಗೆ ಅದನ್ನು ಮಾಡಿಸಿ ನೋಡಿದಾಗ ನಡುಭಾಗದ ನೋವಿನಲ್ಲಿ ಶೇ. 89ರಷ್ಟು ರಜ್ಜುಗಳಿಗೆ ಗುಣ ಕಂಡರೆ, ತುದಿಭಾಗದ ನೋವಿನಲ್ಲಿ ಅದು ಶೇ. 32 ಮಾತ್ರ.

ಕಾರಣ ಅಂಗರಚನೆಯಲ್ಲಿದೆ. ಹಿಮ್ಮಡಿ ಕೆಳಗಿಳಿದು ಪಾದ ಮೇಲಕ್ಕೆ ಬಾಗಿದಾಗ, ಬಾವಿಯ ಹಗ್ಗ ರಾಟೆಯ ಮೇಲೆ ಹಾದು ಬಿಗಿಯುವಂತೆ ರಜ್ಜು ಹಿಮ್ಮಡಿ ಮೂಳೆಯ ಮೇಲ್ಮೂಲೆಗೆ ಒತ್ತಿಕೊಳ್ಳುತ್ತದೆ. ಎಳೆತವನ್ನು ತಾಳಲೆಂದು ಇರುವ ನಾರುಗಳ ಮೇಲೆ ಎಳೆತವೂ ಅದುಮುವಿಕೆಯೂ ಒಟ್ಟಿಗೆ ಬಿದ್ದರೆ ತುದಿಭಾಗ ಕೆರಳುತ್ತದೆ. 2008ರಲ್ಲಿ ಉಮಿಯೋದವರೇ ವ್ಯಾಯಾಮವನ್ನು ಸಮತಟ್ಟಾದ ನೆಲಕ್ಕೆ ತಂದು, ಹಿಮ್ಮಡಿ ನೆಲಮಟ್ಟಕ್ಕಿಂತ ಕೆಳಗೆ ಹೋಗದಂತೆ ಮಾಡಿಸಿದಾಗ ಶೇ. 67ರಷ್ಟು ರೋಗಿಗಳು ತೃಪ್ತರಾದರು. ಅದು ಸಣ್ಣ ಅಧ್ಯಯನವೇ, ಆದರೂ ನನ್ನ ಅನುಭವಕ್ಕೆ ಹೊಂದುವಂಥದ್ದು.

ಈ ಬೆಳಕಿನಲ್ಲಿ ನೋಡಿದರೆ ಸದಾನಂದರ ಇಡೀ ದಿನವೇ ಅದುಮುವಿಕೆಯಿಂದ ತುಂಬಿತ್ತು. ಚಪ್ಪಟೆ ಚಪ್ಪಲಿ, ಮನೆಯಲ್ಲಿ ಬರಿಗಾಲು, ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ, ಮೆಟ್ಟಿಲಿನ ಮೇಲೆ ಅರ್ಧ ಪಾದ ಇಟ್ಟು ಹತ್ತುವ ಅಭ್ಯಾಸ, ಮೇಲಿಂದ ದಿನಕ್ಕೆರಡು ಬಾರಿಯ ಆ ವ್ಯಾಯಾಮ.

ಮೊದಲ ನಿರ್ಧಾರಗಳು

ಓಟವನ್ನು ಪೂರ್ತಿ ನಿಲ್ಲಿಸಬಾರದೆಂದು ತೀರ್ಮಾನಿಸಿದೆವು. ಇಂಥ ರೋಗಿಗಳಿಗೆ ವಿಶ್ರಾಂತಿ ಹೇಳುವುದು ಸುಲಭ, ಯಾರೂ ನಮ್ಮನ್ನು ದೂರುವುದಿಲ್ಲ. ಆದರೆ ಸ್ವೀಡನ್ನಿನ ಕಾರಿನ್ ಸಿಲ್ಬರ್‌ನಾಗೆಲ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ನೋವಿನ ಅಳತೆಗೋಲೊಂದನ್ನು ಕೈಗೆ ಕೊಟ್ಟು ಓಟವನ್ನು ಮುಂದುವರಿಸಗೊಟ್ಟವರು ಓಟ ನಿಲ್ಲಿಸಿದವರಿಗಿಂತ ಹಿಂದೆ ಬೀಳಲಿಲ್ಲ. ಅವರ ಅಳತೆಯಲ್ಲಿ ಹತ್ತರಲ್ಲಿ ಐದರವರೆಗಿನ ನೋವಿಗೆ ಅನುಮತಿಯಿತ್ತು. ತುದಿಭಾಗ ಬೇಗ ಕೆರಳುವುದರಿಂದ ಸದಾನಂದರಿಗೆ ನಾನು ಮೂರಕ್ಕೇ ಗೆರೆ ಎಳೆದೆ. ಅದಕ್ಕಿಂತ ಮುಖ್ಯವಾಗಿ, ಮರುದಿನ ಬೆಳಗಿನ ಮೊದಲ ಹೆಜ್ಜೆಯ ನೋವು ಹಿಂದಿನ ಬೆಳಗಿಗಿಂತ ಹೆಚ್ಚಿರಬಾರದು ಎಂದು ಹೇಳಿದೆ. ಓಟ ದಿನ ಬಿಟ್ಟು ದಿನ, ಸಮತಟ್ಟಾದ ರಸ್ತೆಯಲ್ಲಿ, ಮೂರು ಕಿಲೋಮೀಟರ್. ಪೆಡ್ಡರ್ ರಸ್ತೆಯ ಏರು ಮತ್ತು ದಾದರ್ ಚೌಪಾಟಿಯ ಮರಳು ಸದ್ಯಕ್ಕೆ ಬೇಡ. ಏರಿನಲ್ಲೂ ಮರಳಿನಲ್ಲೂ ಹಿಮ್ಮಡಿ ಕೆಳಗಿಳಿಯುತ್ತದೆ.

ಎರಡೂ ಪಾದರಕ್ಷೆಗಳೊಳಗೆ ಹಿಮ್ಮಡಿಯ ಕೆಳಗೆ ಸುಮಾರು ಒಂದು ಸೆಂಟಿಮೀಟರ್ ಎತ್ತರದ ಮೆತ್ತೆ ಇಡಿಸಿದೆ. ಅಡುಗೆಮನೆಗೆ ಜಾರದ ಅಡಿಯಿರುವ, ಹಿಮ್ಮಡಿ ಎತ್ತರವಿರುವ ಮುಚ್ಚು ಬೂಟು. ಮನೆಯಲ್ಲಿ ಕಮೋಡ್ ಬಳಕೆ. ಮೀನಖಂಡ ಎಳೆಯುವ ಎಲ್ಲ ವ್ಯಾಯಾಮಗಳೂ ಬಂದ್. ಈ ಕೊನೆಯ ಮಾತನ್ನು ನಂಬಿಸುವುದೇ ಕಷ್ಟವಾಯಿತು, ಏಕೆಂದರೆ ಬಿಗಿಯಾದದ್ದನ್ನು ಎಳೆದು ಸಡಿಲಿಸಬೇಕೆಂಬ ನಂಬಿಕೆ ಓಟಗಾರರಲ್ಲಿ ಆಳವಾಗಿ ಬೇರೂರಿದೆ.

ವ್ಯಾಯಾಮದಲ್ಲಿ, ಮೊದಲು ನೆಲದ ಮೇಲೆ ಹಿಮ್ಮಡಿ ಎತ್ತಿ ಹಿಡಿದು ಮುಕ್ಕಾಲು ನಿಮಿಷ ನಿಲ್ಲುವುದು, ಐದು ಬಾರಿ. ಇದರಿಂದ ಕೆಲವರಿಗೆ ನೋವು ಕೂಡಲೇ ತಗ್ಗುತ್ತದೆ, ಎಲ್ಲರಿಗೂ ಅಲ್ಲ. ಸದಾನಂದರಿಗೆ ತಕ್ಕಮಟ್ಟಿಗೆ ತಗ್ಗಿತು. ಅನಂತರ ಮೂರು ಸೆಕೆಂಡಿನಲ್ಲಿ ಏರಿ ಮೂರು ಸೆಕೆಂಡಿನಲ್ಲಿ ಇಳಿಯುವ ನಿಧಾನದ ಭಾರದ ವ್ಯಾಯಾಮ, ದಿನ ಬಿಟ್ಟು ದಿನ. ಭಾರದ ದುಡಿಮೆಯ ಬಳಿಕದ ಮೊದಲ ಒಂದು ದಿನ, ಒಂದೂವರೆ ದಿನ ರಜ್ಜುವಿನಲ್ಲಿ ಅದರ ನಾರುಗಳ ಪ್ರೋಟೀನಾದ ಕೊಲಾಜೆನ್ ಕಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚು. ಕಟ್ಟುವ ಕೆಲಸ ಮೇಲುಗೈ ಪಡೆಯುವುದು ಆಮೇಲೆ. ನಡುವಿನ ದಿನವನ್ನು ಬಿಡುವುದು ಅದಕ್ಕಾಗಿ.

ಜಿಮ್ಮಿಗೆ ಹೋಗಲು ಅವರಿಗೆ ಹೊತ್ತಿರಲಿಲ್ಲ. ಹೋಟೆಲಿನ ಉಗ್ರಾಣವೇ ಜಿಮ್ಮಾಯಿತು. ಸ್ಟೂಲಿನ ಮೇಲೆ ಕೂತು ತೊಡೆಗಳ ಮೇಲೆ, ಮಂಡಿಗೆ ಹತ್ತಿರವಾಗಿ, ಇಪ್ಪತ್ತೈದು ಕಿಲೋ ಅಕ್ಕಿ ಮೂಟೆಯನ್ನು ಅಡ್ಡಲಾಗಿ ಇಟ್ಟುಕೊಂಡು ಹಿಮ್ಮಡಿ ಎತ್ತುವುದು ಅವರದೇ ಉಪಾಯ. ಮಂಡಿ ಮಡಿಸಿದಾಗ ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯುವಿಗೆ ಹೆಚ್ಚು ಕೆಲಸ ಬೀಳುತ್ತದೆ, ದೂರದ ಓಟದಲ್ಲಿ ದುಡಿಯುವುದೂ ಮುಖ್ಯವಾಗಿ ಅದೇ. ನಿಂತು ಮಾಡುವಾಗ ಬೆನ್ನಿಗೆ ಐದು ಕಿಲೋ ಬೇಳೆಯ ಚೀಲ, ಆಮೇಲೆ ಹತ್ತು. ಹುಡುಗರು ನಗುತ್ತಾರೆ ಮೇಡಂ ಎಂದರು, ಆದರೆ ಬಿಡಲಿಲ್ಲ.

ಗುಣ ಕಾಣದ ವಾರಗಳು

ಒಂದು ತಿಂಗಳು ಕಳೆದರೂ ಬೆಳಗಿನ ನೋವಿನಲ್ಲಿ ನೆಲೆ ನಿಂತ ಇಳಿಕೆ ಕಾಣಲಿಲ್ಲ. ಅವರು ತಾಳ್ಮೆಗೆಟ್ಟರು. ಬಳಗದಲ್ಲಿ ಯಾರೋ ರೋಗಿಯದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ದ್ರವದ (ಪಿಆರ್‌ಪಿ) ಚುಚ್ಚುಮದ್ದಿನ ಮಾತು ಹೇಳಿದ್ದರು. ನೆದರ್‌ಲೆಂಡ್ಸ್‌ನಲ್ಲಿ 54 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಉಪ್ಪುನೀರಿನ ಚುಚ್ಚುಮದ್ದಿಗಿಂತ ಮೇಲೆನಿಸಲಿಲ್ಲ. ಅದೂ ನಡುಭಾಗದ ನೋವಿನಲ್ಲಿ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ಮರೆಸಿದರೂ ಭಾರ ಹೊರುವ ಈ ರಜ್ಜುವಿನಲ್ಲಿ ಹರಿಯುವ ಭಯ ತರುತ್ತದೆ. ಎರಡನ್ನೂ ಬೇಡವೆಂದೆ.

ಬದಲಿಗೆ ಅವರ ದಿನಚರಿಯ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತೆವು. ಹಾಲಿನ ಲೆಕ್ಕದ ಹಳೆಯ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಅವರು ಪ್ರತಿ ಬೆಳಗಿನ ನೋವಿಗೆ ಒಂದು ಅಂಕಿ ಬರೆದಿದ್ದರು. ಓಡಿದ ದಿನಗಳ ಮರುದಿನ ಎರಡು, ಮೂರು. ಆದರೆ ಬುಧವಾರ ಮತ್ತು ಶನಿವಾರದ ಬೆಳಿಗ್ಗೆ ಮಾತ್ರ ತಪ್ಪದೆ ಐದು, ಆರು. ಮಂಗಳವಾರ, ಶುಕ್ರವಾರ ಏನು ಮಾಡುತ್ತೀರಿ ಎಂದು ಕೇಳಿದೆ. ಏನಿಲ್ಲ, ಕೆಲಸವೇ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಆ ಎರಡು ದಿನ ದಾದರ್ ಮಾರುಕಟ್ಟೆಯಿಂದ ತರಕಾರಿ ತರುವುದು ತಮ್ಮ ಪಾಲಿನದೆಂದೂ, ಬದನೆ, ಬೆಂಡೆ ಆರಿಸುತ್ತ ಗೋಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರೆ ಏಳುವಷ್ಟರಲ್ಲಿ ಮುಕ್ಕಾಲು ಗಂಟೆ ಆಗುತ್ತದೆಂದೂ ಹೇಳಿದರು.

ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಿನಲ್ಲಿ ಕೂತಾಗ ಪಾದದ ಕೀಲು ಪೂರ್ತಿ ಬಾಗಿರುತ್ತದೆ. ಮೆಟ್ಟಿಲಿನ ವ್ಯಾಯಾಮದಲ್ಲಿ ನಾವು ತಪ್ಪಿಸಿದ್ದ ಅದುಮುವಿಕೆ ಮಾರುಕಟ್ಟೆಯಲ್ಲಿ ಮುಕ್ಕಾಲು ಗಂಟೆ ಒಂದೇ ಸಮನೆ ನಡೆಯುತ್ತಿತ್ತು. ಅವರಿಗೆ ಅದು ಶ್ರಮವೆಂದೇ ಅನಿಸಿರಲಿಲ್ಲ, ಕೂತುಕೊಳ್ಳುವುದು ಅವರ ಲೆಕ್ಕದಲ್ಲಿ ವಿಶ್ರಾಂತಿ. ಮಡಿಸಿ ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಒಂದು ಗಿಡ್ಡ ಪ್ಲಾಸ್ಟಿಕ್ ಸ್ಟೂಲು ಕೊಂಡರು. ಬುಧವಾರದ ಅಂಕಿ ಎರಡು ವಾರದಲ್ಲಿ ಮೂರಕ್ಕೆ ಇಳಿಯಿತು, ಆ ಬಳಿಕ ಉಳಿದ ದಿನಗಳೊಂದಿಗೆ ಬೆರೆತುಹೋಯಿತು.

ಇದೇ ಹೊತ್ತಿಗೆ, ಕ್ರೀಡಾವೈದ್ಯರೊಬ್ಬರ ಜೊತೆ ಮಾತನಾಡಿ, ವಾರಕ್ಕೊಂದರಂತೆ ಮೂರು ಬಾರಿ ಆಘಾತ ತರಂಗದ ಚಿಕಿತ್ಸೆಯನ್ನೂ, ಅಂದರೆ ಯಂತ್ರದಿಂದ ಚರ್ಮದ ಮೂಲಕ ಒತ್ತಡದ ಅಲೆಗಳನ್ನು ಹಾಯಿಸುವುದನ್ನೂ, ಸೇರಿಸಿದೆವು. ತುದಿಭಾಗದ ನೋವಿನ 50 ಮಂದಿಯ ಮೇಲೆ ಜರ್ಮನಿಯ ರೊಂಪೆ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದಕ್ಕೆ ಶೇ. 64ರಷ್ಟು ಗುಣ ಸಿಕ್ಕಿದ್ದರೆ, ಹಿಮ್ಮಡಿ ಇಳಿಸುವ ವ್ಯಾಯಾಮಕ್ಕೆ ಶೇ. 28. ಸದಾನಂದರ ಸುಧಾರಣೆಯಲ್ಲಿ ತರಂಗದ ಪಾಲೆಷ್ಟು, ಸ್ಟೂಲಿನ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಸ್ಟೂಲಿನ ಕಡೆಗೇ ನನ್ನ ಒಲವು.

ಮಳೆಗಾಲದ ತಿರುವು

ಜುಲೈ ಮುಗಿಯುವ ಹೊತ್ತಿಗೆ ಬಲಗಾಲಿನಲ್ಲಿ ಹದಿನೆಂಟು ಬಾರಿ ಹಿಮ್ಮಡಿ ಎತ್ತುವಷ್ಟು ಶಕ್ತಿ ಬಂದಿತ್ತು, ಓಟ ಏಳು ಕಿಲೋಮೀಟರ್ ತಲುಪಿತ್ತು. ಜನವರಿಯ ಓಟಕ್ಕೆ ಹೆಸರು ನೋಂದಾಯಿಸಿಯೂ ಆಗಿತ್ತು. ಆಗಸ್ಟಿನಲ್ಲಿ ಒಂದು ದಿನ ಫೋನ್ ಬಂತು: ಎರಡೂ ಕಾಲು ನೋಯುತ್ತಿವೆ, ಓಟದಲ್ಲಿ ಏನೂ ಹೆಚ್ಚು ಮಾಡಿಲ್ಲ.

ನೋವು ಇದ್ದ ಕಾಲಿನಲ್ಲಿ ಮರುಕಳಿಸಿದ್ದರೆ ಭಾರ ಹೆಚ್ಚಾಯಿತೆಂದು ತಿಳಿಯಬಹುದಿತ್ತು. ಸರಿಯಿದ್ದ ಎಡಗಾಲೂ, ಅದೂ ರಜ್ಜುವಿನ ನಡುಭಾಗದಲ್ಲಿ, ಕೆಲವೇ ದಿನಗಳಲ್ಲಿ ನೋಯತೊಡಗಿತೆಂದರೆ ಕಾರಣ ಓಟದ ಹೊರಗಿರಬೇಕು. ಈಚೆಗೆ ಯಾವ ಮಾತ್ರೆ ನುಂಗಿದ್ದೀರಿ ಎಂದು ಕೇಳಿದೆ. ಹೊಟ್ಟೆ ಕೆಟ್ಟು ಭೇದಿಯಾಗಿತ್ತು, ಔಷಧದಂಗಡಿಯಲ್ಲಿ ಕೇಳಿ ಐದು ದಿನದ ಮಾತ್ರೆ ತಗೊಂಡೆ ಎಂದರು. ಮಾತ್ರೆಯ ಫೋಟೋ ಕಳುಹಿಸಿದರು. ಒಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಕೂಡಿದ ಮಾತ್ರೆ.

ಒಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್‌ಗಳು ಫ್ಲೂರೋಕ್ವಿನಲೋನ್ ಎಂಬ ಒಂದೇ ಗುಂಪಿನ ಪ್ರತಿಜೀವಕಗಳು. ಇವು ಸ್ನಾಯುರಜ್ಜುಗಳಿಗೆ, ಅದರಲ್ಲಿಯೂ ಅಕಿಲಿಸ್ ರಜ್ಜುವಿಗೆ, ಉರಿಯೂತ ತರಬಲ್ಲವು, ಅಪರೂಪಕ್ಕೆ ಹರಿಯುವಂತೆಯೂ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಇವುಗಳ ಮೇಲೆ ತನ್ನ ಅತಿ ಕಟ್ಟುನಿಟ್ಟಾದ ಎಚ್ಚರಿಕೆಯಾದ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅರುವತ್ತು ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ, ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಅಪಾಯ ಹೆಚ್ಚು. ತೊಂದರೆ ಕೆಲವೇ ದಿನಗಳಲ್ಲಿ ಕಾಣಿಸಬಹುದು, ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಕಾಣಿಸಬಹುದು. ಮಳೆಗಾಲದ ಮುಂಬಯಿಯಲ್ಲಿ ಹೊಟ್ಟೆ ಕೆಟ್ಟವರು ಚೀಟಿಯಿಲ್ಲದೆ ಈ ಮಾತ್ರೆಗಳನ್ನು ನುಂಗುವುದು ಎಷ್ಟು ಸಾಮಾನ್ಯವೆಂದರೆ, ಅದನ್ನು ಔಷಧವೆಂದು ನೆನಪಿನಲ್ಲಿಟ್ಟು ಹೇಳುವವರೂ ವಿರಳ.

ಮಾತ್ರೆಯ ಕೋರ್ಸು ಅಷ್ಟರಲ್ಲಿ ಮುಗಿದಿತ್ತು. ಮನೆವೈದ್ಯರಿಗೆ ಬರೆದು ತಿಳಿಸಿದೆ. ಮುಂದೆ ಪ್ರತಿಜೀವಕ ಬೇಕಾದರೆ ಬೇರೆ ಗುಂಪಿನದನ್ನೇ ಕೊಡಬೇಕೆಂದು ಅವರ ಕಡತದಲ್ಲಿ ದಾಖಲಾಯಿತು. ಓಟ ಮತ್ತು ಅಕ್ಕಿ ಮೂಟೆ ಎರಡನ್ನೂ ನಿಲ್ಲಿಸಿ, ಹಿಮ್ಮಡಿ ಮೆತ್ತೆಯೊಡನೆ ನಡೆಯುವುದು ಮತ್ತು ಎರಡು ಕಾಲಿನಲ್ಲಿ ಹಿಮ್ಮಡಿ ಎತ್ತಿ ಹಿಡಿಯುವುದಷ್ಟನ್ನೇ ಉಳಿಸಿದೆ. ಇಷ್ಟು ದಿನ ನೋವಿದ್ದರೂ ಮಾಡಿ ಎಂದವಳು ಈಗ ನೋವಿಗೆ ಹೆದರುತ್ತಿರುವುದೇಕೆ ಎಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು. ದುಡಿಮೆಯಿಂದ ನೋಯುವ ರಜ್ಜುವಿಗೆ ಅಳತೆಯ ದುಡಿಮೆಯೇ ಮದ್ದು. ಔಷಧದಿಂದ ನಾರೇ ಸೊರಗಿರುವಾಗ ಅದೇ ಅಳತೆ ರಜ್ಜು ಹರಿಯುವುದಕ್ಕೆ ದಾರಿಯಾಗಬಹುದು. ಹಿಂದಿನಿಂದ ಯಾರೋ ಹೊಡೆದಂತೆ ಅನಿಸಿ ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕೆಂದೂ ಹೇಳಿದೆ.

ಎಡಗಾಲಿನ ನೋವು ಆರು ವಾರಗಳಲ್ಲಿ ಹೋಯಿತು. ಬಲಗಾಲಿನದು ತಡವಾಗಿ ಹೋಯಿತು. ಅಕ್ಟೋಬರಿನಲ್ಲಿ ಮತ್ತೆ ಭಾರ ಆರಂಭಿಸಿದಾಗ ಜನವರಿಗೆ ಮೂರೇ ತಿಂಗಳು ಉಳಿದಿತ್ತು. ಪ್ರವೇಶ ಶುಲ್ಕ ಹೋದರೂ ಸರಿ, ಆ ಜನವರಿಯ ಓಟವನ್ನು ಬಿಡೋಣವೆಂದು ನಾನು ಹೇಳಿದೆ. ಅವರು ಎರಡು ದಿನ ಬಿಟ್ಟು ಒಪ್ಪಿದರು.

ಫಲಿತಾಂಶ

ಜನವರಿಯ ಒತ್ತಡ ಇಲ್ಲದಾದ ಮೇಲೆ ಕೆಲಸ ಸರಾಗವಾಯಿತು. ಚಳಿಗಾಲವಿಡೀ ನಿಧಾನದ ಭಾರ. ಎರಡೂ ಕಾಲುಗಳ ಎಣಿಕೆ ಸಮೀಪಿಸಿದ ಮೇಲೆ ಎರಡು ಕಾಲಿನಲ್ಲಿ ಹಗ್ಗದಾಟ, ಅನಂತರ ಒಂಟಿ ಕಾಲಿನ ಪುಟಿತ. ಓಡುವಾಗ ಅಕಿಲಿಸ್ ರಜ್ಜುವಿನ ಮೇಲೆ ದೇಹತೂಕದ ಹಲವು ಪಟ್ಟು ಭಾರ, ಅದೂ ಕ್ಷಣಾರ್ಧದಲ್ಲಿ, ಬೀಳುವುದರಿಂದ ನಿಧಾನದ ವ್ಯಾಯಾಮದ ಶಕ್ತಿಯೊಂದನ್ನೇ ನೆಚ್ಚಿ ಓಟಕ್ಕೆ ಕಳುಹಿಸಲಾಗದು. ಏರು ರಸ್ತೆಯ ಓಟ ಎಲ್ಲಕ್ಕಿಂತ ಕೊನೆಯಲ್ಲಿ ಬಂತು. ಅದರ ಮುಂದಿನ ಜನವರಿಯಲ್ಲಿ ಅವರು ಅರ್ಧ ಮ್ಯಾರಥಾನ್ ಓಡಿದರು, ಹಿಂದಿನ ತಮ್ಮ ಸಮಯಕ್ಕಿಂತ ನಿಧಾನವಾಗಿ, ಪೆಡ್ಡರ್ ರಸ್ತೆಯಲ್ಲಿ ಸ್ವಲ್ಪ ನಡೆದು. ಮರುದಿನ ಬೆಳಗಿನ ಅಂಕಿ ಎರಡು. ಎಕ್ಸ್‌ರೇಯಲ್ಲಿ ಕಂಡಿದ್ದ ಮೂಳೆಯ ಉಬ್ಬು ಹಾಗೆಯೇ ಇದೆ. ನೋವೇ ಇಲ್ಲದ ಎಷ್ಟೋ ಕಾಲುಗಳಲ್ಲಿಯೂ ಅಂಥ ಉಬ್ಬು ಇರುತ್ತದೆ.

ನಮ್ಮ ಕೇಂದ್ರದಲ್ಲಿ ಮೊದಲ ಭೇಟಿಯಲ್ಲಿ ತುಂಬಿಸುವ ಹಾಳೆಗೆ ಈ ಪ್ರಕರಣದ ಬಳಿಕ ಮೂರು ಪ್ರಶ್ನೆ ಸೇರಿವೆ: ದಿನದಲ್ಲಿ ಎಷ್ಟು ಹೊತ್ತು, ಎಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತೀರಿ, ಕೆಲಸದ ಜಾಗದಲ್ಲಿ ಕಾಲಿಗೆ ಏನು ಹಾಕುತ್ತೀರಿ, ಕಳೆದ ಆರು ತಿಂಗಳಲ್ಲಿ ಜ್ವರ, ಭೇದಿ, ಉರಿಮೂತ್ರಕ್ಕೆ ಅಂಗಡಿಯಿಂದ ಯಾವ ಮಾತ್ರೆ ತಂದಿರಿ. ಮೂರನೆಯದಕ್ಕೆ ಹೆಸರು ಗೊತ್ತಿಲ್ಲ ಎನ್ನುವವರಿಗೆ ಮಾತ್ರೆಯ ಖಾಲಿ ಸ್ಟ್ರಿಪ್ ಮನೆಯಲ್ಲಿದ್ದರೆ ಫೋಟೋ ಕಳುಹಿಸಲು ಹೇಳುತ್ತೇವೆ.

ಸದಾನಂದರು ಈಗಲೂ ವಾರಕ್ಕೆ ಎರಡು ದಿನ ಉಗ್ರಾಣದಲ್ಲಿ ಮೂಟೆ ಇಟ್ಟುಕೊಂಡು ಕೂರುತ್ತಾರೆ. ಪೂರ್ಣ ಮ್ಯಾರಥಾನ್ ಓಡುವ ಆಸೆ ಹೇಳಿದ್ದಾರೆ. ಬಲಗಾಲಿನ ಎಣಿಕೆ ಇನ್ನೂ ಎಡಗಾಲಿಗಿಂತ ಮೂರು ಕಡಿಮೆ ಇದೆ, ಸಕ್ಕರೆಯ ಮುಂದಿನ ಪರೀಕ್ಷೆ ಬಾಕಿ ಇದೆ. ಎರಡೂ ಸರಿಕಂಡರೆ ಮಳೆಗಾಲ ಮುಗಿದ ಮೇಲೆ ತೀರ್ಮಾನಿಸುವುದೆಂದು ಒಪ್ಪಿಕೊಂಡಿದ್ದೇವೆ.